ತಿಂಗಳ ಸಂಬಳದಲ್ಲಿ ವರ್ಷದ ಖರ್ಚು ತೂಗಿಸುವುದು ಹೇಗೆ?

ಮನೆಗೆ ಬರುವ ದುಡ್ಡನ್ನು ಯಾವ ಬಾಬ್ತಿಗೆ ಎಷ್ಟು ಎಂದು ಹಂಚಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಾನು, ನಮ್ಮ ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಪಿಎಫ್ ಎಲ್ಲ ಕಳೆದು ಇಬ್ಬರದೂ ಸೇರಿ ಕೈಗೆ 62,000 ರೂಪಾಯಿ ಬರುತ್ತದೆ. ಬಾಡಿಗೆ, ನೀರು ಸೇರಿ 16,000. ಬೈಕ್ ಸಾಲದ ಕಂತು 3,800. ಮಗಳು ಮೂರನೇ ತರಗತಿ. ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ಅಗತ್ಯಕ್ಕೆ ಶೇಕಡ 50, ಆಸೆಗೆ 30, ಉಳಿತಾಯಕ್ಕೆ 20 ಎಂಬ ಸೂತ್ರ ಓದಿ ಅದರಂತೆ ಮಾಡಲು ನೋಡಿದೆವು. ಒಂದು ತಿಂಗಳೂ ಹೊಂದಲಿಲ್ಲ. 22ನೇ ತಾರೀಕಿಗೆ ಕೈ ಖಾಲಿ. ನಾವು ದುಂದು ಮಾಡುತ್ತಿದ್ದೇವೆಯೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ. ಆ ಸೂತ್ರ ಅಮೆರಿಕದ ಮಧ್ಯಮ ವರ್ಗದ ಮನೆಗಳನ್ನು ನೋಡಿ ಮಾಡಿದ್ದು. ನಗರದಲ್ಲಿ ಬಾಡಿಗೆ ಮನೆ, ಖಾಸಗಿ ಶಾಲೆಯ ಫೀಸು, ಮನೆಯಲ್ಲಿ ಹಿರಿಯರ ಔಷಧಿ, ಈ ಮೂರೂ ಇರುವ ಕುಟುಂಬಕ್ಕೆ 62,000ದಲ್ಲಿ ಅರ್ಧದೊಳಗೆ ಅಗತ್ಯ ಮುಗಿಯುವುದಿಲ್ಲ. ಶೇಕಡಾವಾರು ಲೆಕ್ಕವನ್ನು ಸದ್ಯ ಪಕ್ಕಕ್ಕಿಡಿ. ಅದು ಕೊನೆಯಲ್ಲಿ ತಾನಾಗಿ ತಿಳಿಯುತ್ತದೆ, ಅಲ್ಲಿಂದ ಶುರು ಮಾಡಬೇಕಿಲ್ಲ.

ಶುರು ಮಾಡಬೇಕಾದದ್ದು ತಿಂಗಳ ಪಟ್ಟಿಯಲ್ಲಿ ಕಾಣಿಸದ ಖರ್ಚುಗಳಿಂದ. ಮನೆಯ ಲೆಕ್ಕ ಕೆಡುವುದು ಹಾಲು, ತರಕಾರಿಯಿಂದ ಅಲ್ಲ. ಶಾಲೆ ಫೀಸು, ವಿಮೆ ಕಂತು, ಗೌರಿ ಹಬ್ಬ, ನೆಂಟರ ಮದುವೆ ಇವು ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತವೆ. ಬಂದಾಗಲೆಲ್ಲ 'ಈ ತಿಂಗಳು ಖರ್ಚು ಜಾಸ್ತಿ' ಎನ್ನುತ್ತೇವೆ. ಆದರೆ ಅಂಥ ತಿಂಗಳು ವರ್ಷದಲ್ಲಿ ಎಂಟಾದರೂ ಇರುತ್ತವೆ! ಕಳೆದ 12 ತಿಂಗಳ ಬ್ಯಾಂಕ್ ಪಾಸ್‌ಬುಕ್ಕನ್ನೋ ಸ್ಟೇಟ್‌ಮೆಂಟನ್ನೋ ಮುಂದಿಟ್ಟುಕೊಂಡು ಇವನ್ನು ಮಾತ್ರ ಹೆಕ್ಕಿ ಬರೆಯಿರಿ. ನಿಮ್ಮಂಥ ಮನೆಯ ಪಟ್ಟಿ ಸುಮಾರಾಗಿ ಹೀಗಿರುತ್ತದೆ:

ಶಾಲೆ ಫೀಸು 48,000
ಪುಸ್ತಕ, ಸಮವಸ್ತ್ರ, ಶೂ 9,000
ಆರೋಗ್ಯ ವಿಮೆ 21,000
ಟರ್ಮ್ ವಿಮೆ 12,000
ಬೈಕಿನ ವಿಮೆ, ಸರ್ವಿಸ್ 6,000
ಹಬ್ಬ, ಬಟ್ಟೆ 18,000
ಊರಿಗೆ ಹೋಗಿಬರುವುದು 12,000
ಮದುವೆ, ಮುಂಜಿ, ಮುಯ್ಯಿ 9,000
ಮಿಕ್ಸಿ, ಫ್ರಿಜ್, ಮೊಬೈಲ್ ರಿಪೇರಿ 9,000

ಒಟ್ಟು 1,44,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 12,000. ಸಂಬಳ ಬಂದ ದಿನವೇ ಇಷ್ಟನ್ನು ಬೇರೆ ಖಾತೆಗೆ ಹಾಕಬೇಕು. ಅಂದರೆ ನಿಮ್ಮ ನಿಜವಾದ ತಿಂಗಳ ಆದಾಯ 62,000 ಅಲ್ಲ, 50,000.

ಈಗ ಉಳಿದದ್ದನ್ನು ಹಂಚೋಣ. ಬಾಡಿಗೆ ಮತ್ತು ಬೈಕ್ ಕಂತಿಗೆ 19,800. ಅಡುಗೆಮನೆಗೆ 13,500: ದಿನಸಿ 7,000, ತರಕಾರಿ ಹಣ್ಣು 3,500, ದಿನಕ್ಕೆ ಒಂದೂವರೆ ಲೀಟರ್ ಹಾಲು ಲೀಟರಿಗೆ 46ರಂತೆ 2,100, ಗ್ಯಾಸ್ 900. ಬಿಲ್ಲು, ಓಡಾಟ, ಔಷಧಿಗೆ 6,000: ಫೋನು ಮತ್ತು ಇಂಟರ್‌ನೆಟ್ 1,500, ಪೆಟ್ರೋಲ್ 2,400, ಅತ್ತೆಯವರ ಮಾತ್ರೆ 1,800, ಕರೆಂಟಿಗೆ 300. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿದ್ದರೂ ಈ 300 ಇರಲಿ. ಸರ್ಕಾರ ನಿಮ್ಮ ಹಳೆಯ ಬಳಕೆಯ ಸರಾಸರಿ ನೋಡಿ ಮಿತಿ ಕಟ್ಟಿದೆ. ಗೀಸರು ಹೆಚ್ಚು ಉರಿಯುವ ಚಳಿಗಾಲದಲ್ಲಿ ಮಿತಿ ದಾಟಿದಷ್ಟು ಯೂನಿಟ್ಟಿಗೆ ಬಿಲ್ಲು ಬರುತ್ತದೆ.

ಇಷ್ಟಕ್ಕೆ 39,300 ಆಯಿತು. ಉಳಿದ 10,700ರಲ್ಲಿ ಉಳಿತಾಯಕ್ಕೆ 6,200, ಹೋಟೆಲು, ಸಿನಿಮಾ, ಮಗಳ ಆಟಿಕೆ, ನಿಮ್ಮಿಬ್ಬರ ಕೈಖರ್ಚಿಗೆ 4,500. ಈಗ ಶೇಕಡಾವಾರು ನೋಡಿ: ಬಾಡಿಗೆ ಮತ್ತು ಕಂತು 32, ಅಡುಗೆಮನೆ 22, ಬಿಲ್ಲು ಓಡಾಟ 10, ವರ್ಷದ ಖರ್ಚು 19, ಉಳಿತಾಯ 10, ಕೈಖರ್ಚು 7. ವರ್ಷದ ಪಟ್ಟಿಯಲ್ಲಿ ಹಬ್ಬ, ಪ್ರಯಾಣ, ಮುಯ್ಯಿ ಬಿಟ್ಟು ಉಳಿದದ್ದನ್ನೂ ಅಗತ್ಯಕ್ಕೆ ಸೇರಿಸಿದರೆ ನಿಮ್ಮ ಅಗತ್ಯವೇ ನೂರಕ್ಕೆ 77 ದಾಟುತ್ತದೆ. 50ರ ಚೌಕಟ್ಟಿನಲ್ಲಿ ಅದು ಹಿಡಿಸದೇ ಇದ್ದದ್ದು ನಿಮ್ಮ ತಪ್ಪಲ್ಲ. ಉಳಿತಾಯ ಬರೀ 10 ಎಂದು ಬೇಸರವೂ ಬೇಡ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡ 12ರಷ್ಟು ನಿಮ್ಮ ಸಂಬಳದಿಂದ ಆಗಲೇ ಪಿಎಫ್‌ಗೆ ಹೋಗಿದೆ, ಕಂಪನಿಯ ಪಾಲು ಬೇರೆ.

ಮೊದಲ ವರ್ಷ ಎಡವುವ ಜಾಗ ಒಂದಿದೆ. ನೀವು ಡಿಸೆಂಬರಿನಲ್ಲಿ ಶುರು ಮಾಡಿದರೆ ಮೇ ತಿಂಗಳ ಫೀಸಿಗೆ ಸಿಗುವುದು ಆರು ಕಂತು ಮಾತ್ರ. ಫೀಸು, ಪುಸ್ತಕ ಸೇರಿ 57,000ಕ್ಕೆ ಹನ್ನೆರಡರ ಲೆಕ್ಕದಲ್ಲಿ ತಿಂಗಳಿಗೆ 4,750 ಸಾಕು. ಆರರ ಲೆಕ್ಕದಲ್ಲಿ 9,500 ಬೇಕು. ಹಾಗಾಗಿ ಮೊದಲ ಸಲ ಪ್ರತಿ ಬಾಬ್ತನ್ನೂ 12ರಿಂದ ಭಾಗಿಸಬೇಡಿ, ಗಡುವಿಗೆ ಎಷ್ಟು ತಿಂಗಳು ಉಳಿದಿದೆಯೋ ಅದರಿಂದ ಭಾಗಿಸಿ. ಆ ಆರು ತಿಂಗಳು ಉಳಿತಾಯದ 6,200ರಲ್ಲಿ ಬಹುಪಾಲು ಇಲ್ಲಿಗೇ ಹೋದರೂ ಚಿಂತೆಯಿಲ್ಲ. ಮುಂದಿನ ವರ್ಷದ ಫೀಸು ಏರುವುದು ಖಚಿತ, ಅದಕ್ಕೆ ಶೇಕಡ 10 ಸೇರಿಸಿಯೇ ಬರೆಯಿರಿ.

ವರ್ಷದ ಖರ್ಚಿನ ದುಡ್ಡನ್ನು ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿಗೆ, ಕಟ್ಟಬೇಡಿ. ಆರ್‌ಡಿ ಒಂದೇ ದಿನ ಪಕ್ವವಾಗುತ್ತದೆ, ನಿಮ್ಮ ಖರ್ಚು ಒಂಬತ್ತು ಬೇರೆ ಬೇರೆ ದಿನ ಬರುತ್ತದೆ. ಎಟಿಎಂ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಳ್ಳದ, ಯುಪಿಐಗೆ ಜೋಡಿಸದ ಒಂದು ಉಳಿತಾಯ ಖಾತೆ ಸಾಕು.

22ನೇ ತಾರೀಕಿಗೆ ಕೈ ಖಾಲಿಯಾಗುವುದಕ್ಕೆ ಇನ್ನೊಂದು ಕಾರಣ, ಸಂಬಳದ ಖಾತೆಗೇ ಯುಪಿಐ ಜೋಡಿಸಿರುವುದು. ಹತ್ತು ರೂಪಾಯಿಯ ಕೊತ್ತಂಬರಿಗೂ ಹಣ ಅದೇ ಖಾತೆಯಿಂದ ಹೋಗುವಾಗ ಅಲ್ಲಿ ಕಾಣುವ 40,000 ಎಲ್ಲವೂ ಖರ್ಚು ಮಾಡಬಹುದಾದ ಹಣದಂತೆ ತೋರುತ್ತದೆ. ತರಕಾರಿ, ಪೆಟ್ರೋಲ್, ಕೈಖರ್ಚು ಮೂರೂ ಸೇರಿ ತಿಂಗಳಿಗೆ 10,400. ಇದನ್ನು ನಾಲ್ಕರಿಂದ ಭಾಗಿಸಿ ವಾರಕ್ಕೆ 2,600 ತೆಗೆದರೆ ತಿಂಗಳ ಕೊನೆಯ ಎರಡು ಮೂರು ದಿನಕ್ಕೆ ಏನೂ ಉಳಿಯದು. ತಿಂಗಳಿಗೆ ನಾಲ್ಕು ವಾರವಲ್ಲ, ನಾಲ್ಕೂ ಮೂರನೇ ಒಂದು ವಾರ. ಪ್ರತಿ ಸೋಮವಾರ 2,400ರಂತೆ ಬೇರೆ ಖಾತೆಗೆ ಹಾಕಿ, ಯುಪಿಐ ಆ ಖಾತೆಗೆ ಮಾತ್ರ ಇರಲಿ.

ಉಳಿತಾಯದ 6,200 ಎಂಟು ತಿಂಗಳಲ್ಲಿ ಸುಮಾರು 50,000 ಆಗುತ್ತದೆ, ಅದು ಒಂದು ತಿಂಗಳ ಅಗತ್ಯಕ್ಕೆ ಸಮ. ಅಲ್ಲಿಯವರೆಗೆ ಮ್ಯೂಚುವಲ್ ಫಂಡ್, ಚಿನ್ನ ಯಾವುದೂ ಬೇಡ. ಬೈಕ್ ಸಾಲ ತೀರಿದ ತಿಂಗಳಿನಿಂದ 3,800 ಪೂರ್ತಿ ಉಳಿತಾಯಕ್ಕೆ ಸೇರಲಿ. ಅದೇ ಕಂತಿನಲ್ಲಿ ಟಿವಿ ಕೊಡುತ್ತೇವೆ ಎಂದು ಅಂಗಡಿಯವರು ಕರೆಯುವುದೂ ಆಗಲೇ.

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ವರ್ಷಕ್ಕೆ ಸುಮಾರು 7 ಲಕ್ಷ ಬರುತ್ತದೆ, ಬರುವುದು ಜನವರಿಯಿಂದ ಮಾರ್ಚ್ ಒಳಗೆ. ತೋಟದ ಖರ್ಚು 2.6 ಲಕ್ಷ. ಬೇಸಿಗೆಯಲ್ಲಿ ಕೈತುಂಬ ದುಡ್ಡು, ಆಗಸ್ಟಿಗೆ ಕೈಸಾಲ. ತಿಂಗಳ ಬಜೆಟ್ ನಮ್ಮಂಥವರಿಗೆ ಹೇಗೆ ಅನ್ವಯಿಸುತ್ತದೆ?
– ಓದುಗರು, ಸಿದ್ದಾಪುರ

ಉತ್ತರ: ಸಂಬಳದವರಿಗಿಂತ ನಿಮಗೇ ಇದು ಹೆಚ್ಚು ಬೇಕು. ಮನೆಗೆ ತೋಟವೇ ಸಂಬಳ ಕೊಡುವಂತೆ ಮಾಡಿಕೊಳ್ಳಬೇಕು. ಸಂಬಳ ಎಷ್ಟು ಎಂಬುದೇ ಮುಖ್ಯ ಪ್ರಶ್ನೆ.

7 ಲಕ್ಷದಲ್ಲಿ 2.6 ಲಕ್ಷ ಕಳೆದರೆ 4.4 ಲಕ್ಷ. ಇದನ್ನು 12ರಿಂದ ಭಾಗಿಸಿ ತಿಂಗಳಿಗೆ 36,000 ಎಂದು ಮನೆ ನಡೆಸಿದರೆ ಒಂದು ಕೊಳೆ ರೋಗದ ವರ್ಷ ಸಾಕು ಸಾಲಕ್ಕೆ ಬೀಳಲು. ಕೊಳೆಯಿಂದಲೋ ಎಲೆಚುಕ್ಕೆಯಿಂದಲೋ ಫಸಲು ಕಾಲು ಭಾಗ ಹೋಯಿತೆನ್ನಿ. ಬರುವುದು 5.25 ಲಕ್ಷ. ತೋಟದ ಖರ್ಚು ಮಾತ್ರ ಇಳಿಯುವುದಿಲ್ಲ, ಔಷಧಿಗೆ ಇನ್ನೊಂದಿಷ್ಟು ಏರಲೂಬಹುದು. ಉಳಿಯುವುದು 2.65 ಲಕ್ಷ. ಫಸಲು ಇಳಿದದ್ದು ಶೇಕಡ 25, ಮನೆಗೆ ಉಳಿಯುವ ದುಡ್ಡು ಇಳಿದದ್ದು ಶೇಕಡ 40. ಬೆಲೆ ಬಿದ್ದರೂ ಇದೇ ಲೆಕ್ಕ. ಆದ್ದರಿಂದ ಮನೆಯ ಸಂಬಳವನ್ನು ಕೆಟ್ಟ ವರ್ಷಕ್ಕೆ ಕಟ್ಟಿ: ತಿಂಗಳಿಗೆ 22,000, ವರ್ಷಕ್ಕೆ 2,64,000.

ಫಸಲಿನ ಹಣ ಬಂದ ಕೂಡಲೇ ಮೂರು ಪಾಲು ಮಾಡಿ. ಮೊದಲನೆಯದು ತೋಟದ 2.6 ಲಕ್ಷ, ಬೇರೆ ಖಾತೆಯಲ್ಲಿ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ, 40–45 ದಿನ ಬಿಟ್ಟು ಎರಡನೇ ಸಲ ಅದೇ ಖರ್ಚು, ಆಮೇಲೆ ಗೊಬ್ಬರ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರ ಕೂಲಿ, ಸುಲಿಯುವ ಕೂಲಿ ಎಲ್ಲ ಇದರಿಂದಲೇ ಹೋಗಬೇಕು. ಮೊದಲ ಔಷಧಿ ಮತ್ತು ಮಕ್ಕಳ ಶಾಲೆ ಫೀಸು ಎರಡೂ ಮೇ ಕೊನೆ, ಜೂನ್ ಮೊದಲಿಗೇ ಬರುತ್ತವೆ. ಎರಡಕ್ಕೂ ಒಂದೇ ಖಾತೆ ಇದ್ದರೆ ಸಾಮಾನ್ಯವಾಗಿ ಫೀಸು ಗೆಲ್ಲುತ್ತದೆ, ಔಷಧಿ ವಾರ ಹತ್ತು ದಿನ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಮಳೆ ಶುರುವಾಗಿರುತ್ತದೆ. ಕೊಳೆ ಬರುವುದಕ್ಕೆ ಅಷ್ಟು ಸಾಕು.

ಎರಡನೆಯದು ಮನೆಯ 2,64,000. ಇದನ್ನು ಮೂರು ಮೂರು ತಿಂಗಳ ನಾಲ್ಕು ಭಾಗ ಮಾಡಿ, ಒಂದೊಂದು 66,000. ಮಾರ್ಚಿನಲ್ಲಿ ಒಂದನ್ನು ಉಳಿತಾಯ ಖಾತೆಯಲ್ಲಿಡಿ, ಉಳಿದ ಮೂರನ್ನು 3, 6, 9 ತಿಂಗಳ ಠೇವಣಿ ಮಾಡಿ. ಜೂನ್, ಸೆಪ್ಟೆಂಬರ್, ಡಿಸೆಂಬರಿನಲ್ಲಿ ಒಂದೊಂದಾಗಿ ಕೈಗೆ ಬರುತ್ತದೆ. ಹಬ್ಬ, ವಿಮೆಯಂಥ ವರ್ಷದ ಖರ್ಚೂ ಈ 22,000ದ ಒಳಗೇ ಇರಬೇಕು.

ಒಳ್ಳೆಯ ವರ್ಷದಲ್ಲಿ ಇನ್ನೂ 1,76,000 ಉಳಿಯುತ್ತದೆ. ಅದರಲ್ಲಿ 1 ಲಕ್ಷ ಕೊಳೆ ವರ್ಷಕ್ಕೆಂದೇ ಎತ್ತಿಡಿ, ಒಂದು ವರ್ಷದ ತೋಟದ ಖರ್ಚಿನಷ್ಟು ಆಗುವವರೆಗೆ. ಮಾಡಿನ ಹಂಚು, ಪಂಪ್‌ಸೆಟ್, ಗಾಡಿ ಎಲ್ಲ ಮಿಕ್ಕ 76,000ದಲ್ಲಿ.

ಬೆಳೆಸಾಲವನ್ನು ಆದಾಯದ ಕಡೆ ಬರೆಯಬೇಡಿ. ರಾಜ್ಯದಲ್ಲಿ ಸಹಕಾರ ಸಂಘಗಳು ಕೊಡುವ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯಿಲ್ಲ ನಿಜ, ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಬೆಳೆವಿಮೆಯನ್ನೂ ಹಾಗೆಯೇ ಲೆಕ್ಕದಿಂದ ಹೊರಗಿಡಿ. ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಮ್ಮ ತೋಟದಲ್ಲಿ ಉದುರಿದ ಕಾಯಿ ನೋಡಿ ಬರುವುದಿಲ್ಲ, ಮಳೆಮಾಪನದ ಅಂಕಿ ನೋಡಿ ಬರುತ್ತದೆ, ಅದೂ ತಿಂಗಳುಗಟ್ಟಲೆ ತಡವಾಗಿ. ಬಂದಾಗ ಕೊಳೆ ನಿಧಿಗೆ ಸೇರಿಸಿ.

ಹಣ ಎಲ್ಲಿಡುವುದು ಎಂಬುದೂ ಮುಖ್ಯ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬರ ಹೆಸರಿನ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸೊಸೈಟಿ ಮತ್ತು ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಅಡಿಕೆ ಹಾಕುವ ಸೊಸೈಟಿಯಲ್ಲೇ ಅರ್ಧ ಶೇಕಡ ಬಡ್ಡಿ ಹೆಚ್ಚು ಎಂದು ವರ್ಷದ ಅನ್ನವನ್ನೆಲ್ಲ ಒಂದೇ ಕಡೆ ಇಡುವುದು ಬೇಡ.

ಪ್ರಶ್ನೆ: ನಮ್ಮ ಮನೆಯವರು ಪೇಂಟಿಂಗ್ ಕೆಲಸ ಮಾಡ್ತಾರೆ, ದಿನಕ್ಕೆ 700. ತಿಂಗಳಿಗೆ 20 ದಿನ ಕೆಲಸ, ಮಳೆಗಾಲದ ನಾಲ್ಕು ತಿಂಗಳು 12 ದಿನ ಸಿಕ್ಕರೆ ಹೆಚ್ಚು. ನನ್ನ ಹೊಲಿಗೆಯಿಂದ 4,500. ಎರಡು ಸಂಘದ ಸಾಲ ಇದೆ, ಎರಡೂ ಸೇರಿ ವಾರಕ್ಕೆ 1,790 ಕಟ್ಟಬೇಕು. ಗೃಹಲಕ್ಷ್ಮಿ 2,000 ಬರುತ್ತೆ. ಇನ್ನೊಂದು ಸಂಘದವರು ಸಾಲ ಕೊಡ್ತೀವಿ ಅಂತಿದ್ದಾರೆ, ತಗೊಂಡು ಹಳೇದು ತೀರಿಸಬಹುದಾ?
– ಓದುಗರು, ರಾಣೆಬೆನ್ನೂರು

ಉತ್ತರ: ಬೇಡ ತಾಯಿ. ಮೂರನೆಯದನ್ನು ಮುಟ್ಟಬೇಡಿ.

ವಾರಕ್ಕೆ 1,790 ಎಂದರೆ ತಿಂಗಳಿಗೆ 7,160 ಎಂದು ಅನ್ನಿಸುತ್ತದೆ. ವರ್ಷಕ್ಕೆ 52 ವಾರ, ಹಾಗಾಗಿ ನಿಜವಾದ ತಿಂಗಳ ಹೊರೆ 7,757. ವರ್ಷದಲ್ಲಿ ನಾಲ್ಕು ತಿಂಗಳು ಐದು ಕಂತು ಬರುತ್ತವೆ, ಕೈಸಾಲ ಆಗುವುದು ಆ ತಿಂಗಳಲ್ಲೇ. ನಾಲ್ಕು ಕಂತಿನ ಪ್ರತಿ ತಿಂಗಳೂ 600 ರೂಪಾಯಿ ಬೇರೆ ತೆಗೆದಿಟ್ಟರೆ ಐದನೇ ಕಂತು ತಾನಾಗಿ ಹೊಂದುತ್ತದೆ.

ಒಳ್ಳೆಯ ತಿಂಗಳು ನಿಮ್ಮ ಆದಾಯ 18,500, ಕಂತು ಅದರ ಶೇಕಡ 42. ಮಳೆಗಾಲದಲ್ಲಿ 12,900, ಕಂತು ಶೇಕಡ 60. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಕುಟುಂಬದ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಿಂದ ನಿಯಮ ಮಾಡಿದೆ. ನೀವು ಆ ಗೆರೆಯ ಹತ್ತಿರ ಇದ್ದೀರಿ. ಹೊಸ ಸಾಲದಿಂದ ಹಳೆಯದು ತೀರಿಸಿದರೆ ಪ್ರೊಸೆಸಿಂಗ್ ಶುಲ್ಕ ಮತ್ತೆ ಕಟ್ಟಬೇಕು, ಬಡ್ಡಿಯ ಗಡಿಯಾರವೂ ಮೊದಲಿನಿಂದ.

ಮನೆಯನ್ನು ವರ್ಷದ ಸರಾಸರಿಯಲ್ಲಿ ನಡೆಸಿ: ತಿಂಗಳಿಗೆ 16,600. ಕೆಲಸ ಚೆನ್ನಾಗಿರುವ ಎಂಟು ತಿಂಗಳು 1,900ರಂತೆ ಎತ್ತಿಟ್ಟರೆ 15,200 ಆಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೆ 3,700 ಕೊರತೆ ಬೀಳುತ್ತದೆ, ನಾಲ್ಕು ತಿಂಗಳಿಗೆ 14,800. ಸರಿಹೊಂದಿತು. ದಿನಗೂಲಿ ಆದ್ದರಿಂದ ತಿಂಗಳ ಕೊನೆಗೆ ಕಾಯದೆ, ಬಟವಾಡೆ ಆದ ವಾರವೇ 450ರಷ್ಟು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಿ.

ಗೃಹಲಕ್ಷ್ಮಿ ಹಣವನ್ನು ತಿಂಗಳ ಖರ್ಚಿಗೆ ನೆಚ್ಚಬೇಡಿ. ಒಮ್ಮೊಮ್ಮೆ ಎರಡು ಮೂರು ತಿಂಗಳದು ಒಟ್ಟಿಗೆ ಬರುತ್ತದೆ. ಅದನ್ನು ನಂಬಿ ಆರ್‌ಡಿಯನ್ನೂ ತೆರೆಯಬೇಡಿ. ಅಂಚೆ ಆರ್‌ಡಿಯಲ್ಲಿ ತಪ್ಪಿದ ಕಂತಿಗೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದ ಮೇಲೆ ಖಾತೆಯೇ ನಿಲ್ಲುತ್ತದೆ. ಬಂದಾಗ ಮೊದಲು ಮಕ್ಕಳ ಶಾಲೆಯ ಖರ್ಚಿಗೆ ಇಡಿ, ಮಿಕ್ಕಿದ್ದರಲ್ಲಿ ಎರಡರಲ್ಲಿ ಚಿಕ್ಕ ಸಾಲವನ್ನು ಅವಧಿಗೆ ಮುಂಚೆ ತೀರಿಸಿ. ಇಂಥ ಸಾಲ ಬೇಗ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಯಾರಾದರೂ ಕೇಳಿದರೆ ಬರವಣಿಗೆಯಲ್ಲಿ ಕೊಡಿ ಎನ್ನಿ.

ಸಾರುವೆ ಮೇಲೆ ನಿಂತು ಕೆಲಸ ಮಾಡುವವರಿಗೆ ವಿಮೆ ಇಲ್ಲದೆ ಇರಬಾರದು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436ಕ್ಕೆ 2 ಲಕ್ಷದ ಜೀವವಿಮೆ ಸಿಗುತ್ತದೆ. ಜೀವವಿಮೆಗೆ 50 ವರ್ಷದೊಳಗೆ ಸೇರಬೇಕು. ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ತಿಂಗಳ ಕೊನೆಯ ವಾರ ಯಜಮಾನರ ಖಾತೆಯಲ್ಲಿ 456 ರೂಪಾಯಿ ಇರದಿದ್ದರೆ ನವೀಕರಣ ಆಗದೆ ವಿಮೆ ನಿಂತುಹೋಗುತ್ತದೆ. ಬಹಳ ಮನೆಗಳಲ್ಲಿ ಹೀಗೆ ನಿಂತಿರುವುದು ಗೊತ್ತೇ ಆಗಿರುವುದಿಲ್ಲ.

ಪ್ರಶ್ನೆ: ಹೊಸದಾಗಿ ಮದುವೆಯಾಗಿದ್ದೇವೆ. ನನಗೆ 40,000, ಅವರಿಗೆ 70,000 ಸಂಬಳ. ಮನೆಖರ್ಚು 66,000. ಅರ್ಧ ಅರ್ಧ ಹಾಕೋಣ ಎಂದು ಮಾತಾಗಿದೆ. ನ್ಯಾಯವೇ?
– ಓದುಗರು, ಮೈಸೂರು

ಉತ್ತರ: ಅರ್ಧ ಅರ್ಧ ಹಾಕಿದರೆ ನಿಮ್ಮ ಕೈಯಲ್ಲಿ ಉಳಿಯುವುದು 7,000, ಅವರ ಕೈಯಲ್ಲಿ 37,000. ಸಂಬಳದ ಪ್ರಮಾಣದಲ್ಲಿ ಹಾಕಿದರೆ ಅವರು 42,000, ನೀವು 24,000 ಕೊಡುತ್ತೀರಿ. ಉಳಿಯುವುದು ಅವರಿಗೆ 28,000, ನಿಮಗೆ 16,000. ಇದು ನ್ಯಾಯ. ಇಬ್ಬರೂ ಒಂದು ಜಂಟಿ ಖಾತೆಗೆ ಈ ಮೊತ್ತ ಹಾಕಿ, ಬಾಡಿಗೆಯಿಂದ ದಿನಸಿವರೆಗೆ ಎಲ್ಲ ಅಲ್ಲಿಂದಲೇ ನಡೆಯಲಿ. ತವರಿಗೂ ಅವರ ತಂದೆತಾಯಿಗೂ ಕಳಿಸುವ ಹಣವಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ, ಎರಡನ್ನೂ ಮನೆಖರ್ಚಿನ ಪಟ್ಟಿಗೇ ಸೇರಿಸಿ. ಒಬ್ಬರದು ಪಟ್ಟಿಯಲ್ಲಿ, ಇನ್ನೊಬ್ಬರದು ಕೈಖರ್ಚಿನಲ್ಲಿ ಎಂದಾಗಬಾರದು. ಉಳಿದ ದುಡ್ಡಿನಲ್ಲಿ ಒಂದು ಪಾಲು ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಉಳಿತಾಯವಾಗಿರಲಿ.

ಪ್ರಶ್ನೆ: ಕ್ರೆಡಿಟ್ ಕಾರ್ಡಿನಲ್ಲಿ 40,000 ಬಾಕಿ ಇದೆ. ಮಗನ ಫೀಸು, ಕಾರಿನ ವಿಮೆ ಅದರಲ್ಲೇ ಕಟ್ಟಿದ್ದು. ಬ್ಯಾಂಕಿನಲ್ಲಿ 60,000ದ ಠೇವಣಿ ಇದೆ. ಠೇವಣಿ ಮುರಿಯಲು ಮನಸ್ಸಿಲ್ಲ, ಪ್ರತಿ ತಿಂಗಳು ಕನಿಷ್ಠ ಮೊತ್ತ 2,000 ಕಟ್ಟುತ್ತಿದ್ದೇನೆ. ಸರಿಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ತಿಂಗಳಿಗೆ ಶೇಕಡ 3.5ರಂತೆ 40,000ಕ್ಕೆ ಬಡ್ಡಿ 1,400, ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ 252. ನೀವು ಕಟ್ಟುವ 2,000ದಲ್ಲಿ 1,652 ಹೀಗೆ ಹೋಗಿ, ಅಸಲು ಇಳಿಯುವುದು 348 ರೂಪಾಯಿ. ಅತ್ತ 60,000ದ ಠೇವಣಿ ಶೇಕಡ 6.5ರಲ್ಲಿ ತಿಂಗಳಿಗೆ ದುಡಿಯುವುದು 325. ಠೇವಣಿ ಮುರಿಯಿರಿ. ಬ್ಯಾಂಕು ಅವಧಿಗೆ ಮುಂಚೆ ಮುರಿದದ್ದಕ್ಕೆ ಬಡ್ಡಿಯಲ್ಲಿ ಸ್ವಲ್ಪ ಹಿಡಿದರೂ ಅದು ಕಾರ್ಡಿನ ಒಂದು ತಿಂಗಳ ಬಡ್ಡಿಯಷ್ಟೂ ಆಗುವುದು ಕಡಿಮೆ. 40,000 ಕಟ್ಟಿ, ಉಳಿದ 20,000 ಮತ್ತೆ ಠೇವಣಿ ಇಡಿ. ಇಲ್ಲಿಯವರೆಗೆ ಕಾರ್ಡಿಗೆ ಹೋಗುತ್ತಿದ್ದ 2,000ವನ್ನು ಇನ್ನು ಪ್ರತಿ ತಿಂಗಳೂ ಮುಂದಿನ ವರ್ಷದ ಫೀಸು, ವಿಮೆಗೆ ಎತ್ತಿಡಿ, ಸಾಲದಿದ್ದರೆ ಇನ್ನಷ್ಟು ಸೇರಿಸಿ.

ಬಾಕಿ ಇರುವವರೆಗೆ ಆ ಕಾರ್ಡಿನಲ್ಲಿ ಹೊಸದಾಗಿ ಏನನ್ನೂ ಕೊಳ್ಳಬೇಡಿ. ಹಳೆಯ ಬಾಕಿ ಇದ್ದಾಗ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಕೆಲವು ನೂರು ರೂಪಾಯಿ ಕಾಣಿಸಬಹುದು. ಹಿಂದಿನ ಬಿಲ್ಲಿನ ತಾರೀಕಿನಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಅದು. ಮುಗಿಯಿತೆಂದು ಬಿಟ್ಟರೆ ಅದರ ಮೇಲೆ ತಡಪಾವತಿ ಶುಲ್ಕ ಸೇರುತ್ತದೆ. ಬಿಲ್ಲು ಸೊನ್ನೆ ತೋರಿಸುವವರೆಗೆ ಎರಡು ತಿಂಗಳು ತೆಗೆದು ನೋಡಿ.